ಸಂಗೀತ ದಾಸೋಹಿ ಪಂಚಾಕ್ಷರಿ ಗವಾಯಿಗಳು

ಸಂಗೀತದ ಚರಿತ್ರೆಯನ್ನು ಬರೆಯುವವರು ಗಾಯಕರ ಹೆಸರುಗಳನ್ನು ಆದರದಿಂದ ಎಣಿಸುತ್ತಾರೆ. ಆ ಗಾಯಕರಿಗೆ ಸ್ವರವನ್ನು ತಿದ್ದಿಕೊಟ್ಟ ಶಿಕ್ಷಕರ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಸಭೆಯ ಚಪ್ಪಾಳೆಯು ವೇದಿಕೆಯ ಮೇಲೆ ಕುಳಿತವನಿಗೆ ಸಲ್ಲುವದು ಲೋಕರೂಢಿಯಾಗಿದೆ. ಆದರೆ ಕಲಿಸಿದವನು ಎಲ್ಲಿಂದ ಬಂದನು, ಕಲಿಯುವಾಗ ಅವನಿಗೆ ಅನ್ನವಿಕ್ಕಿದವರಾರು, ಕಲಿತ ವಿದ್ಯೆಯನ್ನು ಮಾರಿಕೊಳ್ಳದೆ ಹಂಚಿದ್ದು ಯಾವ ಪ್ರೇರಣೆಯಿಂದ ಎಂಬ ಪ್ರಶ್ನೆಗಳನ್ನು ಕೇಳದೆ ಯಾವ ಸಂಗೀತ ಶಾಲೆಯ ನಿಜವಾದ ಬೆಲೆಯನ್ನೂ ಕಟ್ಟಲಾಗದು. ಶಾಲೆಯು ಕಟ್ಟಡದಿಂದ ಆಗುವದಿಲ್ಲ, ವಾದ್ಯಗಳಿಂದಲೂ ಆಗುವದಿಲ್ಲ. ಶಿಕ್ಷಕನ ಬಾಳೇ ಶಾಲೆಯ ತಳಹದಿ. ಕನ್ನಡ ನಾಡಿನಲ್ಲಿ ಈ ಮಾತಿಗೆ ಉದಾಹರಣೆ ಬೇಕಾದವರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಸ್ಥಾಪಕರಾದ ಪಂಚಾಕ್ಷರಿ ಗವಾಯಿಗಳವರ ಚರಿತ್ರೆಯನ್ನು ನೋಡಬೇಕು.

ಸಂಗೀತ ಶಿಕ್ಷಣದ ವಿಷಯವು ಕರಾವಳಿಯ ನಮ್ಮ ವಾಚಕರಿಗೆ ಅಪರಿಚಿತವಾದದ್ದಲ್ಲ. ಭಟ್ಕಳ ತಾಲೂಕಿನ ಮಾವಳ್ಳಿಯ ನೆರೆಯಲ್ಲಿಯೇ ಕಾಯ್ಕಿಣಿಯೆಂಬ ಗ್ರಾಮವಿದೆ. ಆ ಊರ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ದಿನಕರ ಕಾಯ್ಕಿಣಿಯವರು (೧೯೨೭–೨೦೧೦) ಲಖನೌದ ಮ್ಯಾರಿಸ್ ಕಾಲೇಜಿನಲ್ಲಿ ರಾತಂಜನಕರರ ಬಳಿ ಅಭ್ಯಾಸ ಮಾಡಿ, ಮುಂಬಯಿಯ ಭಾರತೀಯ ವಿದ್ಯಾಭವನದ ಸಂಗೀತ ಶಿಕ್ಷಾಪೀಠದಲ್ಲಿ ಪ್ರಾಚಾರ್ಯರಾಗಿ ದೊಡ್ಡ ಶಿಷ್ಯವರ್ಗವನ್ನು ಬೆಳೆಯಿಸಿದರು. ಭಾತಖಂಡೆಯವರು ೧೯೨೬ರಲ್ಲಿ ಸ್ಥಾಪಿಸಿದ ಆ ಕಾಲೇಜು ದೇಶದ ಸಂಗೀತ ಶಿಕ್ಷಣಕ್ಕೆ ಒಂದು ಕ್ರಮವನ್ನು ತಂದುಕೊಟ್ಟಿತೆಂಬದರಲ್ಲಿ ಸಂದೇಹವಿಲ್ಲ. ಆದರೆ ಲಖನೌಕ್ಕೆ ಹೋಗಲು ಕಣ್ಣು ಬೇಕು, ಕಾಸು ಬೇಕು, ಕಳಿಸಿಕೊಡುವ ತಂದೆತಾಯಿಗಳು ಬೇಕು. ಈ ಮೂರೂ ಇಲ್ಲದ ಹಳ್ಳಿಯ ಹುಡುಗನ ಗತಿಯೇನು? ಶಾಲೆಯ ಬಳಿಗೆ ಬರಲಾರದವನ ಬಳಿಗೆ ಶಾಲೆಯನ್ನೇ ನಡೆಯಿಸಿಕೊಂಡು ಹೋದ ಮಹನೀಯರೊಬ್ಬರು ಘಟ್ಟದ ಮೇಲಿನ ಹಾನಗಲ್ಲ ಸೀಮೆಯಲ್ಲಿ ಹುಟ್ಟಿದರು. ಮುಂಬಯಿ ಇಲಾಖೆಯ ಆಡಳಿತದಲ್ಲಿ ಉತ್ತರಕನ್ನಡವೂ ಧಾರವಾಡವೂ ಅಕ್ಕಪಕ್ಕದ ಜಿಲ್ಲೆಗಳಾಗಿದ್ದ ಕಾಲವದು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿ ಒಂದು ಚಿಕ್ಕ ಗ್ರಾಮ. ಈಗ ಅದು ಹಾವೇರಿ ಜಿಲ್ಲೆಗೆ ಸೇರಿದೆ. ಅಲ್ಲಿಯ ಚರಂತಿಮಠದ ಗುರುಪಾದಯ್ಯನವರಿಗೂ ನೀಲಮ್ಮನವರಿಗೂ ೧೮೯೨ನೆಯ ಇಸವಿಯ ಫೆಬ್ರುವರಿ ೨ರಂದು ಹುಟ್ಟಿದ ಮಗನಿಗೆ ಗದಿಗಯ್ಯನೆಂದು ಹೆಸರಿಟ್ಟರು. ಮಗುವಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಅವನ ಅಣ್ಣನಾದ ಗುರುಬಸಯ್ಯನಿಗೂ ಇದೇ ದುರ್ದೈವ. ಬಡ ಜಂಗಮ ಕುಟುಂಬದಲ್ಲಿ ಇಬ್ಬರು ಅಂಧ ಮಕ್ಕಳು! ಹೊಲದ ಕೆಲಸಕ್ಕೆ ಅವರು ಒದಗರು. ಓದು ಬರಹದ ಶಾಲೆ ಅವರಿಗೆ ತೆರೆಯದು. ಮನೆಮನೆಯ ಭಿಕ್ಷವೊಂದೇ ಕಣ್ಣಿಗೆ ಕಾಣದ ಮುಂದಿನ ದಾರಿ. ತಂದೆತಾಯಿಗಳ ಎದೆಯಲ್ಲಿ ಆಗ ಏನು ನಡೆದಿರಬೇಕೆಂಬದನ್ನು ಮಕ್ಕಳುಳ್ಳವರು ಊಹಿಸಿಕೊಳ್ಳಬಹುದು.

ಆ ಕಾಲದಲ್ಲಿ ಅಂಧರ ಶಿಕ್ಷಣವೆಂಬ ಕಲ್ಪನೆಯೇ ನಮ್ಮ ದೇಶದಲ್ಲಿ ಹೊಸದು. ಲೂಯಿ ಬ್ರೈಲನು ಉಬ್ಬು ಚುಕ್ಕೆಗಳ ಲಿಪಿಯನ್ನು ಫ್ರಾನ್ಸದಲ್ಲಿ ಪ್ರಕಟಿಸಿದ್ದು ೧೮೨೯ರಲ್ಲಿ. ನಮ್ಮ ದೇಶದ ಮೊದಲನೆಯ ಅಂಧಶಾಲೆಯು ಅಮೃತಸರದಲ್ಲಿ ೧೮೮೭ರಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ಕಿವುಡರಿಗೂ ಅಂಧರಿಗೂ ಒಂದು ಶಾಲೆ ೧೯೦೧ರಲ್ಲಿ ಹುಟ್ಟಿತು. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಬ್ರೈಲ್ ಲಿಪಿಯು ನಿಶ್ಚಿತವಾದದ್ದಾದರೋ ೧೯೫೧ರಲ್ಲಿ, ಅಂದರೆ ಗದಿಗಯ್ಯನು ಹುಟ್ಟಿ ಸುಮಾರು ೬೦ ವರ್ಷಗಳ ಮೇಲೆ. ಹೀಗಿರುವಾಗ ಹಾನಗಲ್ಲ ಸೀಮೆಯ ಹಳ್ಳಿಯಲ್ಲಿ ಅಂಧನಾಗಿ ಹುಟ್ಟಿದ ಮಗುವಿಗೆ ಅಕ್ಷರದ ಬಾಗಿಲು ಮುಚ್ಚಿಯೇ ಇತ್ತು. ತೆರೆದಿದ್ದದ್ದು ಕಿವಿಯೊಂದೇ. ಸಹೋದರರಿಬ್ಬರಿಗೂ ಮಧುರವಾದ ಕಂಠವಿತ್ತು. ಕೇಳಿದ್ದನ್ನು ಮರೆಯದ ಸ್ಮರಣೆಯಿತ್ತು. ಆ ಎರಡನ್ನು ಗುರುತಿಸುವ ಕಣ್ಣು ಮಾತ್ರ ಬೇರೊಬ್ಬರಲ್ಲಿರಬೇಕಾಗಿತ್ತು.

ಆ ಕಣ್ಣು ಹಾನಗಲ್ಲ ಕುಮಾರಸ್ವಾಮಿಗಳದು. ರಾಣಿಬೆನ್ನೂರ ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ೧೮೬೭ರಲ್ಲಿ ಹುಟ್ಟಿದ ಈ ವಿರಕ್ತರು ಹಾನಗಲ್ಲ ಮಠದ ಅಧಿಕಾರವನ್ನು ವಹಿಸಿಕೊಂಡ ಮೇಲೆ ಮಠವೆಂದರೆ ಪೂಜೆ ಪಾದೋದಕಗಳಲ್ಲಿ ಮುಗಿಯುವದಲ್ಲ, ಸಮಾಜದ ದುಃಖಕ್ಕೆ ಉತ್ತರ ಕೊಡಬೇಕಾದ ಸ್ಥಾನವೆಂದು ತಿಳಿದು ನಡೆದರು. ೧೯೦೯ರಲ್ಲಿ ಬದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಅವರು ಸ್ಥಾಪಿಸಿದ ಶಿವಯೋಗಮಂದಿರವು ಧರ್ಮ, ಯೋಗ, ಸಂಸ್ಕೃತ, ಆಯುರ್ವೇದ, ಸಂಗೀತಗಳ ಶಿಕ್ಷಣಕೇಂದ್ರವಾಯಿತು. ಅವರು ಅಂಧ ಸಹೋದರರ ಕಂಠವನ್ನು ಕೇಳಿ ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಕನಿಕರಪಟ್ಟು ಒಂದು ಹೊತ್ತಿನ ಊಟವನ್ನು ಹಾಕಿಸಿ ಕಳಿಸಬಹುದಾಗಿತ್ತು. ಹಾಗೆ ಮಾಡಿದವರು ನಾಡಿನಲ್ಲಿ ಅನೇಕರಿದ್ದರು. ಕುಮಾರಸ್ವಾಮಿಗಳು ಅನ್ನದೊಡನೆ ವಿದ್ಯೆಯನ್ನೂ ಕೊಡಿಸಲು ನಿಶ್ಚಯಿಸಿದರು. ಭಿಕ್ಷಕ್ಕೂ ದಾಸೋಹಕ್ಕೂ ಇರುವ ಅಂತರವು ಇಲ್ಲಿಯೇ ಇದೆ. ಭಿಕ್ಷವು ಬೇಡುವವನನ್ನು ಬೇಡುವವನನ್ನಾಗಿಯೇ ಉಳಿಸುತ್ತದೆ. ದಾಸೋಹವು ಅವನನ್ನು ಕೊಡುವವನನ್ನಾಗಿ ಮಾಡುತ್ತದೆ.

ಗುರುಬಸಯ್ಯನು ಅಲ್ಪಾಯುವಾದನು. ಒಡಹುಟ್ಟಿದವನನ್ನೂ ಜೊತೆಗಾರನನ್ನೂ ಒಮ್ಮೆಗೇ ಕಳೆದುಕೊಂಡ ಗದಿಗಯ್ಯನು ಸಂಗೀತಾಭ್ಯಾಸದಲ್ಲಿ ಒಬ್ಬನೇ ಮುಂದುವರಿಯಬೇಕಾಯಿತು. ಗುರುಗಳು ಅವನನ್ನು ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತವನ್ನು ಕ್ರಮವಾಗಿ ಕಲಿಸಿದರು. ತರುವಾಯ ಹಿಂದುಸ್ತಾನಿ ಪದ್ಧತಿಯ ಅಭ್ಯಾಸವು ನೀಲಕಂಠಬುವಾ ಮಿರಜಕರರಲ್ಲಿ ನಡೆಯಿತು. ಮಾವಳ್ಳಿಯಿಂದ ಬೀದರದವರೆಗೆ ಒಂದೇ ಕನ್ನಡವು ಹರಡಿದ್ದರೂ ಸಂಗೀತದಲ್ಲಿ ನಮ್ಮ ನಾಡು ಎರಡು ಪದ್ಧತಿಗಳಿಗೆ ತವರು. ಸಾಮಾನ್ಯವಾಗಿ ಒಂದನ್ನು ಕಲಿತವನು ಇನ್ನೊಂದನ್ನು ಕಿವಿಗೂ ಹಾಕಿಕೊಳ್ಳನು. ಪಂಚಾಕ್ಷರಿ ಗವಾಯಿಗಳೆಂದು ಮುಂದೆ ನಾಡಿಗೆ ಪರಿಚಿತರಾದ ಈ ಯುವಕರು ಎರಡರಲ್ಲಿಯೂ ಪಾರಂಗತರಾಗಿ ಉಭಯಗಾನ ವಿಶಾರದರೆಂಬ ಕೀರ್ತಿಯನ್ನು ಪಡೆದರು.

ಇದು ಎಷ್ಟು ಕಠಿಣವಾದ ಸಾಧನೆಯೆಂಬದನ್ನು ಸಂಗೀತವನ್ನು ಅರಿಯದವರಿಗೂ ಸ್ವಲ್ಪದರಲ್ಲಿ ತಿಳಿಸಬಹುದು. ಕರ್ನಾಟಕ ಪದ್ಧತಿಯ ಮೋಹನ ರಾಗಕ್ಕೂ ಹಿಂದುಸ್ತಾನಿಯ ಭೂಪ ರಾಗಕ್ಕೂ ಬಳಸುವ ಐದು ಸ್ವರಗಳು ಒಂದೇ. ಹಿಂದೋಳಕ್ಕೂ ಮಾಲಕಂಸಕ್ಕೂ ಇದೇ ಸಂಬಂಧ. ಸ್ವರಗಳು ಒಂದೇ ಆದರೂ ನಡಿಗೆ ಬೇರೆ, ಗಮಕ ಬೇರೆ, ಸ್ವರದ ಮೇಲೆ ನಿಲ್ಲುವ ಕಾಲ ಬೇರೆ. ಒಂದೆಡೆ ೮ ಅಕ್ಷರಗಳ ಆದಿತಾಳದಲ್ಲಿ ಕೃತಿಯು ಬಿಗಿಯಾಗಿ ಸಾಗಿದರೆ, ಮತ್ತೊಂದೆಡೆ ೧೨ ಮಾತ್ರೆಗಳ ಏಕತಾಳದ ವಿಲಂಬಿತ ಲಯದಲ್ಲಿ ಖ್ಯಾಲು ಮೆಲ್ಲಮೆಲ್ಲನೆ ಅರಳುತ್ತದೆ. ಕಣ್ಣಿದ್ದವನು ಸ್ವರಲಿಪಿಯನ್ನು ಬರೆದಿಟ್ಟುಕೊಂಡು ಒಂದನ್ನು ಇನ್ನೊಂದರೊಡನೆ ಹೋಲಿಸಿ ನೋಡಬಹುದು. ಕಣ್ಣಿಲ್ಲದವನು ಅಷ್ಟನ್ನೂ ಸ್ಮರಣೆಯಲ್ಲಿ ಬೇರೆಬೇರೆ ಕೋಣೆಗಳಲ್ಲಿಟ್ಟು ಕಾಪಾಡಬೇಕು. ಒಂದರ ಬಣ್ಣ ಇನ್ನೊಂದಕ್ಕೆ ತಗಲಬಾರದು. ಗವಾಯಿಗಳು ಇದನ್ನು ಸಾಧಿಸಿದ್ದಲ್ಲದೆ ಇತರರಿಗೆ ಕಲಿಸುವಷ್ಟು ಸ್ಪಷ್ಟವಾಗಿ ತಿಳಿದುಕೊಂಡರು.

ಅವರ ಹಿಂದುಸ್ತಾನಿ ಗುರುಪರಂಪರೆಯಲ್ಲಿ ಇನ್ನೊಂದು ಸಂಗತಿಯೂ ವಿಚಾರಾರ್ಹವಾಗಿದೆ. ನೀಲಕಂಠಬುವಾ ಅವರು ಗ್ವಾಲಿಯರ ಘರಾಣೆಯ ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಅದೇ ಬಾಲಕೃಷ್ಣಬುವಾ ಅವರಲ್ಲಿ ಕಲಿತ ಮತ್ತೊಬ್ಬರು ವಿಷ್ಣು ದಿಗಂಬರ ಪಲುಸ್ಕರರು. ಬಾಲ್ಯದಲ್ಲಿ ಸಿಡಿಮದ್ದಿನ ಅಪಘಾತದಿಂದ ದೃಷ್ಟಿಗೆ ಪೆಟ್ಟು ತಗಲಿ ಸಂಗೀತಕ್ಕೆ ಬಂದ ಪಲುಸ್ಕರರು ೧೯೦೧ರ ಮೇ ೫ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ರಾಜರ ಆಶ್ರಯವನ್ನು ನೆಚ್ಚದೆ ಜನರ ದ್ರವ್ಯಸಹಾಯದಿಂದ ಸಂಗೀತ ಶಾಲೆಯನ್ನು ನಡೆಯಿಸಬಹುದೆಂದು ತೋರಿಸಿಕೊಟ್ಟ ಕೀರ್ತಿ ಅವರದು. ಒಂದೇ ಗುರುಮನೆಯಿಂದ ಹೊರಟ ಎರಡು ಕವಲುಗಳಲ್ಲಿ ಒಂದು ಪಂಜಾಬದ ರಾಜಧಾನಿಯಲ್ಲಿ, ಇನ್ನೊಂದು ಕನ್ನಡದ ಹಳ್ಳಿಗಳಲ್ಲಿ, ವಿದ್ಯೆಯನ್ನು ದರಬಾರದಿಂದ ಜನರ ಅಂಗಳಕ್ಕೆ ಇಳಿಸಿದವು. ಪಲುಸ್ಕರರ ಹೆಸರು ದೇಶಕ್ಕೆಲ್ಲ ಗೊತ್ತಿದೆ. ಗವಾಯಿಗಳ ಕೆಲಸವು ಅದಕ್ಕೆ ಕಡಿಮೆಯಾದದ್ದಲ್ಲವೆಂಬದು ನಮ್ಮ ಅಭಿಪ್ರಾಯ. ಏಕೆಂದರೆ ಪಟ್ಟಣದ ವಿದ್ಯಾವಂತರ ನೆರವು ಗವಾಯಿಗಳಿಗೆ ಬಹುಕಾಲ ಇರಲಿಲ್ಲ.

೧೯೧೪ರಲ್ಲಿ ನಿಡಗುಂದಿಕೊಪ್ಪದಲ್ಲಿ ಕುಮಾರಸ್ವಾಮಿಗಳ ಕೃಪೆಯಿಂದ ಗವಾಯಿಗಳ ಸಂಗೀತ ಪಾಠಶಾಲೆ ಆರಂಭವಾಯಿತು. ಅದು ಒಂದೆಡೆ ನೆಲೆನಿಂತ ಶಾಲೆಯಾಗಿರಲಿಲ್ಲ. ಗುರುಗಳೂ ಶಿಷ್ಯರೂ ತಂಬೂರಿ, ಹಾರ್ಮೋನಿಯಂ, ತಬಲಾ, ಪಿಟೀಲುಗಳನ್ನು ಹೊತ್ತುಕೊಂಡು ಊರಿಂದೂರಿಗೆ ಹೋಗುವ ಸಂಚಾರಿ ಪಾಠಶಾಲೆಯಾಗಿ ಅದು ಬೆಳೆಯಿತು. ಒಂದು ಊರಿನ ಭಕ್ತರು ಎಷ್ಟು ದಿನ ಜೋಳ ಬೇಳೆಗಳನ್ನು ಒದಗಿಸಬಲ್ಲರೋ ಅಷ್ಟು ದಿನ ಶಾಲೆಯು ಅಲ್ಲಿ. ಅನಂತರ ಮುಂದಿನ ಊರಿಗೆ ಪಯಣ. ಹೋದಲ್ಲಿ ಸಂಗೀತಸಭೆ ನಡೆಯುವದು, ಕೀರ್ತನೆ ನಡೆಯುವದು. ಮರುದಿನ ಪಾಠವು ಎಂದಿನಂತೆ ಸಾಗುವದು. ಶುಲ್ಕವೆಂಬ ಮಾತಿಲ್ಲ. ಕಲಿಯಬಂದವನಿಗೆ ವಿದ್ಯೆ, ಅನ್ನ, ಬಟ್ಟೆ, ಇರವು ಎಲ್ಲವೂ ಶಾಲೆಯ ಹೊಣೆ. ಅಂಧರು, ಅನಾಥರು, ಅಂಗವಿಕಲರು, ಬಡವರು ಬಂದು ಸೇರಿದರು. ಜಾತಿ ಯಾವದೆಂದು ಕೇಳಿ ಬಾಗಿಲನ್ನು ತೆರೆಯುವ ಪದ್ಧತಿಯನ್ನು ಗವಾಯಿಗಳು ಇಟ್ಟುಕೊಳ್ಳಲಿಲ್ಲ.

ಶಿಕ್ಷಣದ ರೀತಿಯಲ್ಲಿಯೂ ಈ ಶಾಲೆಗೆ ಒಂದು ವಿಶೇಷವಿತ್ತು. ದೃಷ್ಟಿಯುಳ್ಳ ಗುರುವು ಅಂಧ ಶಿಷ್ಯನಿಗೆ ಕಲಿಸುವಾಗ ತನಗೆ ಸಹಜವಾದದ್ದು ಶಿಷ್ಯನಿಗೆ ಏಕೆ ತಿಳಿಯದೆಂದು ಬೇಸರಪಡುವದುಂಟು. ಇಲ್ಲಿಯ ಗುರುವೇ ಅಂಧರು. ತಾಳವನ್ನು ಬೆರಳ ಗೆಣ್ಣುಗಳಲ್ಲಿ ಎಣಿಸುವದು, ಹಾರ್ಮೋನಿಯದ ಮನೆಗಳನ್ನು ಸ್ಪರ್ಶದಿಂದ ಗುರುತಿಸುವದು, ತಂಬೂರಿಯ ತಂತಿಯ ಶ್ರುತಿಯು ಕೂದಲೆಳೆಯಷ್ಟು ಸರಿದರೂ ಕಿವಿಯಿಂದ ಹಿಡಿಯುವದು, ಇವೆಲ್ಲವನ್ನು ತಾವೇ ಅನುಭವಿಸಿ ಅರಿತವರು. ಶಿಷ್ಯನು ಎಲ್ಲಿ ಎಡವುವನೆಂಬದು ಅವರಿಗೆ ಮೊದಲೇ ಗೊತ್ತು, ಏಕೆಂದರೆ ಅಲ್ಲಿಯೇ ಅವರೂ ಹಿಂದೆ ಎಡವಿದ್ದರು. ಬಾಯಿಪಾಠವೇ ಮುಖ್ಯವಾಗಿದ್ದುದರಿಂದ ಹಿರಿಯ ಶಿಷ್ಯನು ಕಿರಿಯನಿಗೆ ಪಾಠ ಹೇಳುವದು ಸ್ವಾಭಾವಿಕವಾಗಿತ್ತು. ಹೇಳಿಕೊಡುತ್ತ ಹಿರಿಯನ ಪಾಠ ಗಟ್ಟಿಯಾಗುವದು. ಕೇಳುತ್ತ ಕಿರಿಯನ ಸ್ವರ ಹದವಾಗುವದು. ಗವಾಯಿಗಳ ಶಾಲೆಯು ಗಾಯಕರನ್ನು ತಯಾರಿಸಿತೆಂದು ಹೇಳಿದರೆ ಅರ್ಧ ಮಾತಾಯಿತು. ಅದು ಶಿಕ್ಷಕರನ್ನು ತಯಾರಿಸುವ ಶಾಲೆಯಾಗಿತ್ತು.

ಅಲ್ಲಿ ಬೆಳೆದವರ ಹಿನ್ನೆಲೆಯನ್ನು ನೋಡಿದರೆ ನಾಡಿನ ಸ್ಥಿತಿಯೇ ಕಣ್ಣಮುಂದೆ ಬರುವದು. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ೧೯೧೪ರ ಮಾರ್ಚ್ ೩ರಂದು ಹುಟ್ಟಿದ ಪುಟ್ಟಯ್ಯನೆಂಬ ಬಾಲಕನು ೬ ತಿಂಗಳ ಕೂಸಾಗಿದ್ದಾಗ ದೃಷ್ಟಿಯನ್ನು ಕಳೆದುಕೊಂಡನು. ವರ್ಷ ತುಂಬುವದರೊಳಗೆ ತಂದೆತಾಯಿಗಳನ್ನೂ ಕಳೆದುಕೊಂಡನು. ಸೋದರಮಾವನಾದ ಚಂದ್ರಶೇಖರಯ್ಯನವರು ಅವನನ್ನು ಸಾಕಿದರು. ಮಾವನು ನುಡಿಸಿ ಇಟ್ಟ ಹಾರ್ಮೋನಿಯದ ಮೇಲೆ ಬಾಲಕನು ಕೈಯಾಡಿಸಿ ಸ್ವರಗಳನ್ನು ಹಿಡಿಯುವದನ್ನು ಕಂಡು ಅವರು ಅವನನ್ನು ಗವಾಯಿಗಳಿಗೆ ಒಪ್ಪಿಸಿದರು. ಅವರೇ ಮುಂದೆ ಪಂಡಿತ ಪುಟ್ಟರಾಜ ಗವಾಯಿಗಳು. ಗುರುವಿನ ಬಾಲ್ಯವೇ ಶಿಷ್ಯನ ರೂಪದಲ್ಲಿ ಮರಳಿ ಬಂದಂತಾಯಿತು. ಆದರೆ ಈ ಸಲ ಆಶ್ರಯವು ಸಿದ್ಧವಾಗಿತ್ತು.

ಯಲಿವಾಳದ ಬಸವರಾಜ ರಾಜಗುರುಗಳ ಕಥೆ ಬೇರೆ. ಅವರ ತಂದೆಯವರು ತಂಜಾವೂರಿನಲ್ಲಿ ಶಿಕ್ಷಣ ಪಡೆದ ಕರ್ನಾಟಕ ಸಂಗೀತದ ವಿದ್ವಾಂಸರು. ಆದರೆ ೧೩ನೆಯ ವಯಸ್ಸಿನಲ್ಲಿ ತಂದೆಯ ಆಸರೆಯು ತಪ್ಪಿತು. ಗವಾಯಿಗಳು ಬಾಲಕನ ಶಕ್ತಿಯನ್ನು ಗುರುತಿಸಿ ತಮ್ಮ ಬಳಿಗೆ ಕರೆದುಕೊಂಡರು. ರಾಯಚೂರ ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರು ನಿಜಾಮ ಸಂಸ್ಥಾನದ ಕನ್ನಡ ನೆಲದಿಂದ ಬಂದವರು. ಮುಂದೆ ವಚನಗಾಯನದಿಂದ ಮನೆಮಾತಾದರು. ಹುಬ್ಬಳ್ಳಿಯ ಅರ್ಜುನಸಾ ನಾಕೋಡರು, ಚಂದ್ರಶೇಖರ ಪುರಾಣಿಕಮಠರು ಇದೇ ಗುರುವಿನ ಬಳಿ ಸ್ವರಜ್ಞಾನವನ್ನು ಪಡೆದರು. ಮುಂಬಯಿ ಇಲಾಖೆಯವರು, ನಿಜಾಮ ಸಂಸ್ಥಾನದವರು ಎಂದು ಸರಕಾರದ ನಕಾಶೆಯಲ್ಲಿ ಹರಿದುಹಂಚಿಹೋದ ಕನ್ನಡ ಮಕ್ಕಳು ಒಂದೇ ತಂಬೂರಿಯ ಶ್ರುತಿಗೆ ಕುಳಿತರು. ೧೯೫೬ರಲ್ಲಿ ಕೈಗೂಡಿದ ಏಕೀಕರಣವು ಆ ಸಣ್ಣ ಶಾಲೆಯಲ್ಲಿ ಎಷ್ಟೋ ಮೊದಲೇ ನಡೆದುಹೋಗಿತ್ತು.

೧೯೩೦ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಗವಾಯಿಗಳ ಪಾಲಿಗೆ ಇದು ತಂದೆಯನ್ನು ಕಳೆದುಕೊಂಡಂಥ ಆಘಾತ. ಗುರುವಿನ ಹೆಸರಿನ ಬಲದಿಂದ ಬರುತ್ತಿದ್ದ ಸಹಾಯವು ಸಡಿಲವಾಯಿತು. ಉಣ್ಣುವ ಬಾಯಿಗಳು ಹೆಚ್ಚುತ್ತಲೇ ಹೋದವು. ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಕ್ಕಿ, ಪೈರಿಗೆ ಬೆಲೆಯಿಲ್ಲದೆ ರೈತನೇ ಕಂಗೆಟ್ಟಿದ್ದ ಕಾಲವದು. ರೈತನ ಕಣಜವನ್ನೇ ನಂಬಿದ ಶಾಲೆಯ ಪಾಡು ಏನಾಗಿರಬೇಕು? ಇಂಥ ಹೊತ್ತಿನಲ್ಲಿ ಒಬ್ಬರೇ ಆಗಿದ್ದರೆ ಗವಾಯಿಗಳಿಗೆ ತೊಂದರೆಯಿರಲಿಲ್ಲ. ಅಂಥ ಗಾಯಕರನ್ನು ಸಭೆಗಳು ಕರೆಯುತ್ತಿದ್ದವು, ಸಂಭಾವನೆ ಬರುತ್ತಿತ್ತು. ನೈಷ್ಠಿಕ ಬ್ರಹ್ಮಚಾರಿಗಳಾದ ಅವರಿಗೆ ಸ್ವಂತದ ಸಂಸಾರವೆಂಬದಿರಲಿಲ್ಲ. ಆದರೆ ಬಂದುದೆಲ್ಲವೂ ಶಿಷ್ಯರ ಅನ್ನದ ಪಾತ್ರೆಗೆ ಹೋಗುತ್ತಿತ್ತು. ಶಾಲೆಯನ್ನು ಮುಚ್ಚಿ ಸುಖವಾಗಿರುವ ದಾರಿ ಎದುರಿಗೇ ಇತ್ತು. ಅವರು ಆ ದಾರಿಯನ್ನು ಹಿಡಿಯಲಿಲ್ಲ.

ಶಾಲೆಯನ್ನು ಉಳಿಸಿಕೊಳ್ಳಲು ಅವರು ಕಂಡುಕೊಂಡ ಉಪಾಯ ನಾಟಕ ಮಂಡಳಿ. ಉತ್ತರ ಕರ್ನಾಟಕದಲ್ಲಿ ಆಗ ಸಂಗೀತ ನಾಟಕಗಳಿಗೆ ಬಹಳ ಆದರವಿತ್ತು. ಕಂಪನಿ ನಾಟಕದ ಡೇರೆಗೆ ಹಳ್ಳಿಗರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಗುರುವಿನ ಹೆಸರನ್ನಿಟ್ಟು ಕುಮಾರೇಶ್ವರ ಕೃಪಾಪೋಷಿತವೆಂದು ಕರೆದ ಮಂಡಳಿಯು ಶಿವಶರಣರ ಕಥೆಗಳನ್ನು ರಂಗಕ್ಕೆ ತಂದಿತು. ಟಿಕೆಟ್ಟಿನಿಂದ ಬಂದ ಹಣ ಅನ್ನವಾಯಿತು. ರಂಗಗೀತೆಗಳು ಶಿಷ್ಯರಿಗೆ ಸಭೆಯ ಅಭ್ಯಾಸವನ್ನು ಕೊಟ್ಟವು. ಶಾಸ್ತ್ರೀಯ ಸಂಗೀತವನ್ನು ಕಲಿತವರು ನಾಟಕಕ್ಕೆ ಇಳಿಯಬಹುದೇ ಎಂದು ಮೂಗುಮುರಿಯುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಹಸಿದ ಅಂಧ ಬಾಲಕರನ್ನು ಎದುರಿಗಿಟ್ಟುಕೊಂಡವನಿಗೆ ಆ ವಾದಕ್ಕೆ ಸಮಯವಿರುವದಿಲ್ಲ.

೧೩೩೬ರಲ್ಲಿ ಸ್ಥಾಪಿತವಾದ ವಿಜಯನಗರ ಸಾಮ್ರಾಜ್ಯದ ೬೦೦ನೆಯ ವರ್ಷದ ಉತ್ಸವವು ೧೯೩೬ರಲ್ಲಿ ಹಂಪೆಯಲ್ಲಿ ನಡೆಯಿತು. ಹರಿದುಹೋದ ನಾಡು ತನ್ನ ಹಿಂದಿನ ವೈಭವವನ್ನು ನೆನೆದು ಒಂದಾಗಬೇಕೆಂಬ ಆಸೆಯಿಂದ ಕನ್ನಡಿಗರು ಅಲ್ಲಿ ಸೇರಿದ್ದರು. ಆ ಮಹಾಸಭೆಯಲ್ಲಿ ತರುಣ ಬಸವರಾಜ ರಾಜಗುರುಗಳು ತಮ್ಮ ಮೊದಲ ಬಹಿರಂಗ ಗಾಯನವನ್ನು ನಡೆಯಿಸಿದರು. ತಬಲಾ ಸಾಥಿಗೆ ಕುಳಿತವರು ಸ್ವತಃ ಪಂಚಾಕ್ಷರಿ ಗವಾಯಿಗಳು. ಉತ್ಸವದ ಅಧ್ಯಕ್ಷ ಭಾಷಣಗಳನ್ನು ಇಂದು ಯಾರೂ ನೆನೆಯರು. ಆದರೆ ಈ ಒಂದು ಸಂಗತಿಯನ್ನು ಮರೆಯಲಾಗದು. ತಾವೇ ಗಾಯಕರಾದ ಗುರುಗಳು ಸಭೆಯ ನಡುವೆ ಶಿಷ್ಯನನ್ನು ಕುಳ್ಳಿರಿಸಿ, ತಾವು ಪಕ್ಕಕ್ಕೆ ಸರಿದು, ಅವನ ಲಯವನ್ನು ಹಿಡಿದು ಕಾಯ್ದರು. ಶಿಕ್ಷಕನ ಧರ್ಮವೇನೆಂದು ಇದಕ್ಕಿಂತ ಚೆನ್ನಾಗಿ ಯಾವ ಗ್ರಂಥವೂ ಹೇಳಲಾರದು.

ಕನ್ನಡಕ್ಕೆ ಅವರಿಂದಾದ ಉಪಕಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಆ ಕಾಲದಲ್ಲಿ ಉತ್ತರ ಕರ್ನಾಟಕದ ಗಾಯಕನು ಖ್ಯಾಲನ್ನು ಬ್ರಜಭಾಷೆಯಲ್ಲಿಯೂ ರಂಗಗೀತೆಯನ್ನು ಮರಾಠಿಯಲ್ಲಿಯೂ ಹಾಡುತ್ತಿದ್ದನು. ಸಂಗೀತಕ್ಕೆ ಕನ್ನಡವು ಒಗ್ಗದೆಂಬ ಭ್ರಮೆ ಕನ್ನಡಿಗರಲ್ಲಿಯೇ ಇತ್ತು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ತಾಳೆಗರಿಗಳನ್ನು ಶೋಧಿಸಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ೧೯೨೩ರಲ್ಲಿ ಅಚ್ಚುಮಾಡಿಸಿದಾಗ ಶರಣರ ವಚನಗಳು ಓದುವವರಿಗೆ ದೊರೆತವು. ಓದಲು ಬಾರದವರಿಗೂ, ಓದಲು ಕಣ್ಣಿಲ್ಲದವರಿಗೂ ಅವು ದೊರೆಯಬೇಕಾದರೆ ಹಾಡಬೇಕಾಗಿತ್ತು. ಗವಾಯಿಗಳೂ ಅವರ ಶಿಷ್ಯರೂ ವಚನಗಳನ್ನು ರಾಗಗಳಿಗೆ ಅಳವಡಿಸಿ ಊರೂರಿನಲ್ಲಿ ಹಾಡಿದರು. ವಚನಕ್ಕೆ ಪದ್ಯದಂತೆ ಪ್ರಾಸವಿಲ್ಲ, ನಿಯತವಾದ ಗಣವಿಲ್ಲ. ಅರ್ಥ ಮುರಿಯದಂತೆ ಅದನ್ನು ತಾಳದಲ್ಲಿ ಕೂಡಿಸುವದು ಸುಲಭವಲ್ಲ. ಇಂದು ಹಿಂದುಸ್ತಾನಿ ಗಾಯಕನು ಖ್ಯಾಲಿನ ಬಳಿಕ ವಚನವನ್ನು ಹಾಡಿದರೆ ನಾವು ಆಶ್ಚರ್ಯಪಡುವದಿಲ್ಲ. ಆ ಪರಿಪಾಠವು ಬೇರೂರಿದ್ದರಲ್ಲಿ ಈ ಶಾಲೆಯ ಪಾಲು ದೊಡ್ಡದು.

ಅಲೆದಾಟವು ಎಷ್ಟು ದಿನ ಸಾಗಬಲ್ಲದು? ದೇಹವು ದಣಿಯುತ್ತ ಬಂದಿತ್ತು. ಶಿಷ್ಯರಿಗೆ ಒಂದು ನೆಲೆ ಬೇಕಾಗಿತ್ತು. ಗದುಗಿನ ದಾನಿಗಳಾದ ಬಸರಿಗಿಡದ ವೀರಪ್ಪನವರು ಆಶ್ರಯವಿತ್ತರು. ೧೯೪೨ರಲ್ಲಿ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು. ಕುಮಾರವ್ಯಾಸನು ಭಾರತವನ್ನು ರಚಿಸಿದ ವೀರನಾರಾಯಣನ ಊರು ಅದು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಲ್ಪಟ್ಟ ನಾಡಗೀತವನ್ನು ಬರೆದ ಹುಯಿಲಗೋಳ ನಾರಾಯಣರಾಯರ ಊರು. ಅರಳೆಯ ಪೇಟೆಯೆಂದು ಹೆಸರಾದ ಆ ಪಟ್ಟಣವು ಸಂಗೀತದ ಕ್ಷೇತ್ರವೂ ಆಯಿತು. ಆದರೆ ನೆಲೆಗೊಂಡ ಶಾಲೆಯನ್ನು ಬಹುಕಾಲ ನೋಡುವ ಭಾಗ್ಯ ಗವಾಯಿಗಳಿಗಿರಲಿಲ್ಲ. ೧೯೪೪ರಲ್ಲಿ, ತಮ್ಮ ೫೨ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು.

ದೊಡ್ಡ ವ್ಯಕ್ತಿಗಳು ಕಟ್ಟಿದ ಅನೇಕ ಸಂಸ್ಥೆಗಳು ಅವರೊಡನೆಯೇ ಮುಳುಗಿಹೋದುದನ್ನು ನಾವು ಕಂಡಿದ್ದೇವೆ. ಪುಣ್ಯಾಶ್ರಮಕ್ಕೆ ಆ ಗತಿ ಒದಗಲಿಲ್ಲ. ದೇವಗಿರಿಯ ತಬ್ಬಲಿ ಬಾಲಕನು ೩೦ ವರ್ಷದ ಪುಟ್ಟರಾಜ ಗವಾಯಿಗಳಾಗಿ ಗುರುವಿನ ಸ್ಥಾನದಲ್ಲಿ ಕುಳಿತು, ೨೦೧೦ರ ಸೆಪ್ಟೆಂಬರ್ ೧೭ರಂದು ದೇಹವಿಡುವವರೆಗೆ, ೬೬ ವರ್ಷಗಳ ಕಾಲ ಅದನ್ನು ನಡೆಯಿಸಿದರು. ಗಾಯನದೊಡನೆ ಪಿಟೀಲು, ಸಾರಂಗಿ, ಹಾರ್ಮೋನಿಯಂ, ತಬಲಾ ಮೊದಲಾದ ವಾದ್ಯಗಳಲ್ಲಿ ಪರಿಣತರಾದ ಅವರು ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ನಾಟಕಗಳನ್ನು ಬರೆದು ಮಂಡಳಿಯನ್ನೂ ಆಶ್ರಮವನ್ನೂ ಸಾಕಿದರು. ೨೦೧೦ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣವನ್ನು ಕೊಟ್ಟಿತು. ರಾಜಗುರುಗಳಿಗೆ ಅದೇ ಪದವಿ ೧೯೯೧ರಲ್ಲಿ ಸಂದಿತ್ತು. ಬಳ್ಳಾರಿ ಸೀಮೆಯ ಬಡ ಕಲಾವಿದರ ಮನೆಯಿಂದ ಬಂದು ಆಶ್ರಮದಲ್ಲಿ ಪುಟ್ಟರಾಜರ ಬಳಿ ಕಲಿತ ವೆಂಕಟೇಶಕುಮಾರರು ದೇಶದ ಅಗ್ರಗಣ್ಯ ಗಾಯಕರಾದರು. ಪಂಚಾಕ್ಷರಿ ಗವಾಯಿಗಳ ಚರಿತ್ರೆಯನ್ನು ಚಿತ್ರಿಸಿದ ೧೯೯೫ರ ಚಲಚ್ಚಿತ್ರದ ಸಂಗೀತಕ್ಕಾಗಿ ಹಂಸಲೇಖರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಪ್ರಸಿದ್ಧರಾದ ಇವರಿಗಿಂತ, ಆಶ್ರಮದಿಂದ ಹೊರಬಿದ್ದು ಊರೂರಿನ ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ಪುರಾಣ ಹೇಳುವವರಾಗಿ, ತಮ್ಮ ದುಡಿಮೆಯ ಅನ್ನವನ್ನು ಉಂಡ ಅಜ್ಞಾತ ಅಂಧರೇ ಗವಾಯಿಗಳ ನಿಜವಾದ ಸ್ಮಾರಕವೆಂದು ನಾವು ಭಾವಿಸುತ್ತೇವೆ.

ಈ ಚರಿತ್ರೆಯಿಂದ ತಪ್ಪು ಪಾಠವನ್ನು ಕಲಿಯುವ ಅಪಾಯವೂ ಉಂಟು. ತ್ಯಾಗಿಯಾದ ಶಿಕ್ಷಕನನ್ನು ಹೊಗಳುತ್ತ, ಶಿಕ್ಷಕನಾದವನು ಹಸಿದೇ ಇರಬೇಕೆಂದು ನಂಬುವದು ಸಮಾಜಕ್ಕೆ ಬಹು ಅನುಕೂಲವಾದ ಧರ್ಮ! ಗವಾಯಿಗಳು ಬಡತನವನ್ನು ತಾವಾಗಿ ಆರಿಸಿಕೊಂಡರು. ಅದು ಅವರ ಹಿರಿಮೆ. ಅವರ ಶಾಲೆಯು ಮುಂದಿನ ತಿಂಗಳ ಜೋಳಕ್ಕಾಗಿ ಊರೂರು ಅಲೆಯಬೇಕಾದದ್ದು ಸಮಾಜದ ಹಿರಿಮೆಯಲ್ಲ. ೧೯೧೪ರಿಂದ ೧೯೪೨ರವರೆಗೆ ೨೮ ವರ್ಷ ಇಂಥ ಗುರುವಿಗೆ ಒಂದು ಸ್ಥಿರವಾದ ಸೂರು ದೊರೆಯಲಿಲ್ಲವೆಂಬದನ್ನು ನಾವು ಅಭಿಮಾನದಿಂದಲ್ಲ, ಲಜ್ಜೆಯಿಂದ ನೆನೆಯಬೇಕು. ಹಾಗೆಯೇ ಆ ೨೮ ವರ್ಷ ಶಾಲೆಯು ನಿಲ್ಲದಂತೆ ನೋಡಿಕೊಂಡವರು ಹೆಸರಿಲ್ಲದ ಹಳ್ಳಿಗರೆಂಬದನ್ನೂ ಮರೆಯಬಾರದು. ಒಬ್ಬನು ಸೇರು ಜೋಳವನ್ನಿತ್ತನು. ಇನ್ನೊಬ್ಬನು ಒಂದು ರಾತ್ರಿ ಅಂಗಳವನ್ನು ಬಿಟ್ಟುಕೊಟ್ಟನು. ಸಂಗೀತವನ್ನು ರಾಜರು ಸಾಕಿದರೆಂದು ಓದಿದ್ದೇವೆ; ನಮ್ಮ ನಾಡಿನಲ್ಲಿ ರೈತರೂ ಸಾಕಿದರೆಂದು ಬರೆದಿಡಬೇಕು.

ಭಟ್ಕಳ, ಹೊನ್ನಾವರ, ಕುಮಟೆಗಳ ನಮ್ಮ ವಾಚಕರು ಈ ಮಾತನ್ನು ತಮ್ಮ ಊರಿಗೂ ಅನ್ವಯಿಸಿ ನೋಡಬೇಕೆಂದು ನಮ್ಮ ಬಿನ್ನಹ. ಯಕ್ಷಗಾನದ ಭಾಗವತಿಕೆಯೂ ಭಜನೆಯೂ ಬೆಳೆದುಬಂದ ಈ ಕರಾವಳಿಯಲ್ಲಿ ಕಂಠಕ್ಕೆ ಕೊರತೆಯಿಲ್ಲ, ಕೇಳುವ ಕಿವಿಗೂ ಕೊರತೆಯಿಲ್ಲ. ಮಾವಳ್ಳಿಯಂಥ ಒಂದು ಗ್ರಾಮದಲ್ಲಿ ಬಡವನ ಮಗುವೋ ಕಣ್ಣಿಲ್ಲದ ಮಗುವೋ ತಾನಾಗಿ ಗುನುಗುನಿಸುತ್ತ ಕುಳಿತಿದ್ದರೆ ಅದನ್ನು ಗುರುತಿಸಿ ಗುರುವಿನ ಬಳಿಗೆ ಮುಟ್ಟಿಸುವವರು ಯಾರು? ಆ ಗುರುವಿನ ಮನೆಯ ಒಲೆಯು ಹೊತ್ತುವಂತೆ ನೋಡಿಕೊಳ್ಳುವವರು ಯಾರು? ಹಾನಗಲ್ಲ ಸೀಮೆಯಲ್ಲಿ ಒಂದು ಕಾಲಕ್ಕೆ ಈ ಎರಡು ಪ್ರಶ್ನೆಗಳಿಗೆ ಒಬ್ಬ ವಿರಕ್ತರು ತಮ್ಮ ಕೃತಿಯಿಂದ ಉತ್ತರ ಕೊಟ್ಟರು. ಆ ಉತ್ತರದಿಂದ ಪಂಚಾಕ್ಷರಿ ಗವಾಯಿಗಳು ಹುಟ್ಟಿದರು. ಅವರಿಂದ ನೂರಾರು ಶಿಕ್ಷಕರು ಹುಟ್ಟಿದರು. ಪ್ರತಿಭೆಯು ಎಲ್ಲ ಊರುಗಳಲ್ಲಿಯೂ ಹುಟ್ಟುತ್ತದೆ. ಅದನ್ನು ಭಿಕ್ಷಕ್ಕೆ ಕಳಿಸುವದೋ ಗುರುಪೀಠಕ್ಕೆ ಕಳಿಸುವದೋ ಎಂಬದು ಆಯಾ ಊರಿನ ಜನರ ಕೈಯಲ್ಲಿದೆ.